ಕೊನೆಯ ಅಕ್ಷರಗಳು ಒಂದೇ ಇದ್ದರೆ ಅವು ‘ರೈಮಿಂಗ್ ವರ್ಡ್ಸ್’ ಆಗುತ್ತವೆಯೇ?

ಸಾವಳಗಿ ಇರಲಿ, ಬನಹಟ್ಟಿ ಇರಲಿ, ಸಾಲಿಗೆ ಹೋಗುವ ಮಗು ಇರುವ ಮನೆಯಲ್ಲಿ ಸಂಜೆ ಕೇಳಿಬರುವ ಮಾತು ಇದು: “ಅಪ್ಪಾ, ಟೀಚರ್ ಐದು ರೈಮಿಂಗ್ ವರ್ಡ್ಸ್ ಬರಕೊಂಡು ಬಾ ಅಂದಾರ. ಅರ್ಥಾನೂ ಬರೀಬೇಕಂತ.” ಅಪ್ಪ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊಬೈಲ್ ತೆಗೆಯುತ್ತಾನೆ. ಯಾವುದೋ ಗ್ರೂಪಿನಲ್ಲಿ ಬಂದ, ನೂರು ಪದಗಳ ಬಣ್ಣದ ಪಟ್ಟಿಯೊಂದು ಸಿಗುತ್ತದೆ. ಮಗು ಮೊದಲ ಐದನ್ನು ಬರೆದುಕೊಂಡು ಹೋಗುತ್ತದೆ. ಮರುದಿನ ಎರಡಕ್ಕೆ ಕೆಂಪು ಗೆರೆ ಬಿದ್ದರೆ ಅದೃಷ್ಟ. ಗೆರೆ ಬೀಳದೆ ಸರಿ ಎಂದು ಟಿಕ್ ಬಿದ್ದರೆ ಆ ತಪ್ಪು ಉಚ್ಚಾರ ಮಗುವಿನ ನಾಲಿಗೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಂದು ಸೂತ್ರವೂ ಇರುತ್ತದೆ: “ಕೊನೆಯ ಎರಡು ಅಥವಾ ಮೂರು ಅಕ್ಷರ ಒಂದೇ ಇರುವ ಪದಗಳೇ ಪ್ರಾಸಪದಗಳು.” ಇದು ನಿಜವೇ?

ಅಲ್ಲ. ಪ್ರಾಸ ಇರುವುದು ಕಿವಿಗೆ, ಕಣ್ಣಿಗಲ್ಲ. ಇಂಗ್ಲಿಷಿನಲ್ಲಿ ಬರೆಯುವುದು ಒಂದು ಥರ, ಓದುವುದು ಇನ್ನೊಂದು ಥರ. ಹಾಗಾಗಿ ಅಕ್ಷರ ನೋಡಿ ಜೋಡಿ ಮಾಡಿದರೆ ಹಲವು ಸಲ ತಪ್ಪುತ್ತದೆ.

ಹಾಗಾದರೆ ನಿಯಮ ಏನು?

ಒಂದು ಪದವನ್ನು ಹೇಳುವಾಗ ಒತ್ತು ಬೀಳುವ ಕೊನೆಯ ಸ್ವರ ಯಾವುದೆಂದು ನೋಡಿ. ಆ ಸ್ವರದಿಂದ ಪದದ ಕೊನೆಯವರೆಗಿನ ಸದ್ದು ಎರಡೂ ಪದಗಳಲ್ಲಿ ಒಂದೇ ಇರಬೇಕು. ಆ ಸ್ವರಕ್ಕೆ ಮುಂಚಿನ ವ್ಯಂಜನ ಬೇರೆ ಇರಬೇಕು. ‘ಕ್ಯಾಟ್’, ‘ಹ್ಯಾಟ್’, ‘ರ‍್ಯಾಟ್’ ಇವುಗಳಲ್ಲಿ ‘ಆ್ಯಟ್’ ಒಂದೇ, ಮುಂದಿನ ಕ, ಹ, ರ ಬೇರೆ. ಚಿಕ್ಕ ಪದಗಳಲ್ಲಿ ಇಷ್ಟೇ ಸಾಕು.

ಉದ್ದ ಪದಗಳಲ್ಲಿ ಒತ್ತಿನ ಮಾತು ಮುಖ್ಯವಾಗುತ್ತದೆ. ‘ಟೀಚರ್’ ಮತ್ತು ‘ಡಾಕ್ಟರ್’ ಎರಡೂ ‘ಅರ್’ ಎಂದು ಮುಗಿಯುತ್ತವೆ, ಆದರೆ ಪ್ರಾಸವಲ್ಲ. ಒತ್ತು ಬೀಳುವುದು ‘ಟೀ’ ಮೇಲೆ ಮತ್ತು ‘ಡಾ’ ಮೇಲೆ, ಅಲ್ಲಿಂದಲೇ ಹೋಲಿಸಬೇಕು. ‘ಟೀಚರ್’ಗೆ ‘ಕ್ರೀಚರ್’ (ಜೀವಿ), ‘ಫೀಚರ್’ (ವೈಶಿಷ್ಟ್ಯ) ಹೊಂದುತ್ತವೆ. ಕಬ್ಬಿನ ‘ಟ್ರ್ಯಾಕ್ಟರ್’ಗೆ ‘ಫ್ಯಾಕ್ಟರ್’ ಹೊಂದುತ್ತದೆ, ‘ಡಾಕ್ಟರ್’ ಹೊಂದುವುದಿಲ್ಲ.

ಕಣ್ಣಿಗೆ ಜೋಡಿ, ಕಿವಿಗೆ ಬೇರೆ

ಫಾರ್ವರ್ಡ್ ಪಟ್ಟಿಗಳಲ್ಲಿ ಮತ್ತೆ ಮತ್ತೆ ಸಿಗುವ ತಪ್ಪುಗಳನ್ನು ನೋಡಿ. ‘ಕಮ್’ (ಬಾ) ಮತ್ತು ‘ಹೋಮ್’ (ಮನೆ) ಎರಡೂ ಒ-ಎಂ-ಇ ಎಂದು ಮುಗಿಯುತ್ತವೆ. ಆದರೆ ‘ಕಮ್’ಗೆ ಹೊಂದುವುದು ‘ಡ್ರಮ್’, ‘ಗಮ್’ (ಅಂಟು), ಮತ್ತು ಬಿ ಅಕ್ಷರ ಸುಮ್ಮನೆ ಕೂತಿರುವ ‘ಥಮ್’ (ಹೆಬ್ಬೆರಳು). ‘ಹೋಮ್’ಗೆ ಹೊಂದುವುದು ‘ಫೋಮ್’ (ನೊರೆ) ಮತ್ತು ‘ಡೋಮ್’. ಡೋಮ್ ಎಂದರೆ ಗುಮ್ಮಟ, ವಿಜಯಪುರದ ಗೋಳಗುಮ್ಮಟದ ಮೇಲಿರುವುದು ಅದೇ. ‘ಪುಟ್’ (ಇಡು) ಮತ್ತು ‘ಬಟ್’ (ಆದರೆ) ಜೋಡಿಯಲ್ಲ. ‘ಪುಟ್’ಗೆ ‘ಫುಟ್’ (ಪಾದ), ‘ಬಟ್’ಗೆ ‘ಕಟ್’, ‘ನಟ್’, ‘ಹಟ್’ (ಗುಡಿಸಲು).

ಎರಡು ಒ ಇರುವ ಪದಗಳು ಇನ್ನೂ ಮೋಸ. ‘ಬ್ಲಡ್’, ‘ಗುಡ್’, ‘ಫೂಡ್’ ಮೂರೂ ಒ-ಒ-ಡಿ ಎಂದೇ ಮುಗಿದರೂ ಸದ್ದು ಮೂರು ಥರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಬಂದಾಗ ಜಮಖಂಡಿ, ಮುಧೋಳ ಕಡೆಯ ಮಕ್ಕಳಿಗೂ ಬಾಯಿಗೆ ಬಂದ ‘ಫ್ಲಡ್’ (ನೆರೆ) ಎಂಬ ಪದ ‘ಬ್ಲಡ್’ (ರಕ್ತ), ‘ಮಡ್’ (ಕೆಸರು) ಇವುಗಳ ಜೊತೆಗೆ ಹೋಗುತ್ತದೆ. ‘ಫೂಡ್’ ಜೊತೆಗೆ ಹೋಗುವುದು ‘ಮೂಡ್’, ‘ರೂಡ್’ (ಒರಟು). ‘ಗುಡ್’ಗೆ ‘ವುಡ್’ (ಕಟ್ಟಿಗೆ).

ಬನಹಟ್ಟಿಯಲ್ಲಿ ‘ಲೂಮ್’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಮಗ್ಗ. ಅದಕ್ಕೆ ‘ರೂಮ್’, ‘ಬ್ರೂಮ್’ (ಕಸಬರಿಗೆ) ಹೊಂದುವುದು ಕಣ್ಣಿಗೇ ಕಾಣುತ್ತದೆ. ‘ಟೂಮ್’ (ಗೋರಿ) ಕೂಡ ಹೊಂದುತ್ತದೆ ಎಂಬುದು ಕಾಣುವುದಿಲ್ಲ, ಯಾಕೆಂದರೆ ಅದನ್ನು ಬರೆಯುವುದು ಟಿ-ಒ-ಎಂ-ಬಿ. ಅದೇ ಒ-ಎಂ-ಬಿ ಮುಗಿಯುವ ಇನ್ನೆರಡು ಪದಗಳು ‘ಕೋಮ್’ (ಬಾಚಣಿಕೆ) ಮತ್ತು ‘ಬಾಮ್’ (ಬಾಂಬು). ಮೂರರಲ್ಲಿ ಯಾವ ಎರಡೂ ಪ್ರಾಸವಲ್ಲ.

ಇನ್ನು ದಿನಾ ಬಳಸುವ ‘ಹೈಟ್’ ಮತ್ತು ‘ವೇಟ್’. ಎತ್ತರ, ತೂಕ. ಎರಡರ ಬಾಲವೂ ಇ-ಐ-ಜಿ-ಎಚ್-ಟಿ. ‘ಹೈಟ್’ಗೆ ‘ವೈಟ್’, ‘ಕೈಟ್’ (ಗಾಳಿಪಟ). ‘ವೇಟ್’ಗೆ ‘ಗೇಟ್’, ‘ಲೇಟ್’. ಒ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳ ಕಥೆಯಂತೂ ಕೇಳಲೇಬೇಡಿ: ‘ಥ್ರೂ’ (ಮೂಲಕ), ‘ದೋ’ (ಆದರೂ), ‘ಟಫ್’ (ಗಟ್ಟಿ), ‘ಕಾಫ್’ (ಕೆಮ್ಮು), ‘ಬೌ’ (ಮರದ ಕೊಂಬೆ). ಬಾಲ ಒಂದೇ, ಸದ್ದು ಐದು!

ಇಂಗ್ಲಿಷ್ ಹೀಗೇಕೆ?

ಇದರ ಹಿಂದೆ ಇತಿಹಾಸ ಇದೆ. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮೊದಲ ಮುದ್ರಣಾಲಯ ಹಾಕಿದ್ದು 1476ರಲ್ಲಿ. ಪುಸ್ತಕಗಳು ಅಚ್ಚಾದಂತೆ ಪದಗಳ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು. ಆದರೆ ಸುಮಾರು 1400ರಿಂದ 1700ರವರೆಗೆ ಜನರ ಬಾಯಲ್ಲಿ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬದಲಿಸುತ್ತಲೇ ಇದ್ದವು. ಭಾಷಾವಿಜ್ಞಾನಿಗಳು ಇದನ್ನು ‘ಗ್ರೇಟ್ ವೊವೆಲ್ ಶಿಫ್ಟ್’ ಎನ್ನುತ್ತಾರೆ. ಬಾಯಿ ಮುಂದೆ ಹೋಯಿತು, ಅಕ್ಷರ ಹಿಂದೆ ಉಳಿಯಿತು. ಇಂದು ಕಣ್ಣಿಗೆ ಮಾತ್ರ ಪ್ರಾಸವಾಗಿ ಕಾಣುವ ಕೆಲವು ಜೋಡಿಗಳು ಹಿಂದೆ ಕಿವಿಗೂ ಪ್ರಾಸವಾಗಿದ್ದವು.

ಕನ್ನಡದಲ್ಲೂ ಉಚ್ಚಾರ ಬದಲಾಗಿದೆ. ಆದರೆ ನಾವು ಅಕ್ಷರವನ್ನೂ ಬದಲಿಸಿಕೊಂಡೆವು. ಹಳಗನ್ನಡದ ‘ಪಾಲ್’ ಈಗ ‘ಹಾಲು’, ‘ಪುಲಿ’ ಈಗ ‘ಹುಲಿ’. ಅದರ ಲಾಭ ಇಂದಿಗೂ ನಮಗಿದೆ, ಮುಂದೆ ಹೇಳುತ್ತೇನೆ.

ಮುಧೋಳದ ರನ್ನನ ಪ್ರಾಸ ಬೇರೆ, ಇಂಗ್ಲಿಷ್ ಪ್ರಾಸ ಬೇರೆ

ಗೊಂದಲಕ್ಕೆ ಇನ್ನೊಂದು ಕಾರಣ ನಮ್ಮ ಕನ್ನಡ ಪಾಠದಲ್ಲೇ ಇದೆ. ‘ಗದಾಯುದ್ಧ’ ಬರೆದ ರನ್ನ ಹುಟ್ಟಿದ್ದು 949ರಲ್ಲಿ, ಇದೇ ಸೀಮೆಯ ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳದಲ್ಲಿ. ಬಳೆಗಾರರ ಮನೆತನ. ಅವನ ಪದ್ಯಗಳಲ್ಲೂ ಪ್ರಾಸ ಇದೆ, ಆದರೆ ಸಾಲಿನ ಕೊನೆಯಲ್ಲಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಇದನ್ನೇ ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಎನ್ನುವುದು. ಇದರಲ್ಲಿ ಆರು ಬಗೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಎರಡನೇ ಅಕ್ಷರದ ಹಿಂದೆ ಹ್ರಸ್ವ ಬಂದರೆ ಸಿಂಹ, ದೀರ್ಘ ಬಂದರೆ ಗಜ, ಅನುಸ್ವಾರ ಬಂದರೆ ವೃಷಭ, ಹೀಗೆ.

ವ್ಯತ್ಯಾಸ ಸ್ಥಳದ್ದು ಮಾತ್ರವಲ್ಲ. ಒಂದು ಸಾಲು ‘ಮಳೆ’ಯಿಂದ, ಇನ್ನೊಂದು ‘ಹೊಳಪು’ವಿನಿಂದ, ಮತ್ತೊಂದು ‘ಕಳಚು’ವಿನಿಂದ ಶುರುವಾದರೆ ಆದಿಪ್ರಾಸ ಕೂಡಿಬಂತು, ಯಾಕೆಂದರೆ ಎರಡನೇ ಅಕ್ಷರದಲ್ಲಿ ಳ ಇದೆ. ಅದರ ಮೇಲಿನ ಸ್ವರ ಎ, ಅ, ಯಾವುದಾದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಇದು ನಡೆಯುವುದೇ ಇಲ್ಲ. ಅಲ್ಲಿ ಸ್ವರವೇ ಯಜಮಾನ. ಇಂಗ್ಲಿಷ್ ಮಾದರಿಗೆ ಹತ್ತಿರದ ಕನ್ನಡ ಜೋಡಿ ಬೇಕೆಂದರೆ ‘ಮಳೆ’, ‘ಬೆಳೆ’ ಅಲ್ಲ. ಮೊದಲ ಸ್ವರದಿಂದಲೇ ಹೊಂದುವ ‘ಕೋಲು’, ‘ತೋಳು’ ಕೂಡ ಅಲ್ಲ, ಲ ಮತ್ತು ಳ ಬೇರೆ. ‘ಬಾಳು’, ‘ಆಳು’, ‘ಹಾಳು’ ಸರಿ.

ಇಲ್ಲೊಂದು ಸ್ವಾರಸ್ಯ. ರನ್ನನ ಕಾಲದ ಬರಹದಲ್ಲಿ ‘ಹಾಳು’ ಎಂಬುದು ‘ಪಾೞ್’. ‘ಆಳು’ ಎಂಬುದು ‘ಆಳ್’. ೞ ಬೇರೆ ಅಕ್ಷರ, ಬೇರೆ ಸದ್ದು. ಹಳೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಇವು ಪ್ರಾಸಕ್ಕೆ ಕೂಡಿಬರುತ್ತಿರಲಿಲ್ಲ. ಸದ್ದು ಹೋಯಿತು, ಅಕ್ಷರವೂ ಹೋಯಿತು, ಇಂದು ಇವು ಜೋಡಿಯಾದವು. ಇಂಗ್ಲಿಷಿನಲ್ಲಿ ಸದ್ದು ಬದಲಾಗಿ ಜೋಡಿ ಒಡೆದವು, ಇಲ್ಲಿ ಸದ್ದು ಬದಲಾಗಿ ಜೋಡಿ ಕೂಡಿದವು.

ಆದಿಪ್ರಾಸದ ಕಟ್ಟನ್ನು ಬಿಟ್ಟು 1911ರಲ್ಲಿ ಪದ್ಯ ಬರೆದವರು ಮಂಜೇಶ್ವರದ ಗೋವಿಂದ ಪೈ. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲೆ, ಸಾಲಿನ ಕೊನೆಯಲ್ಲಿ ಪ್ರಾಸ ಇಡುವ ಇಂಗ್ಲಿಷ್ ರೀತಿ ಹೊಸಗನ್ನಡ ಕವಿತೆಯಲ್ಲಿ ಚೆನ್ನಾಗಿ ಬೇರೂರಿತು. ಹಾಗಂತ ಅಂತ್ಯಪ್ರಾಸ ಇಂಗ್ಲಿಷರಿಂದಲೇ ಬಂತು ಎನ್ನಬೇಡಿ. ನಮ್ಮ ಬೀಸುಕಲ್ಲಿನ ಪದಗಳಲ್ಲಿ, ಗಾದೆಗಳಲ್ಲಿ, ರಗಳೆಯಲ್ಲಿ ಅದು ಮೊದಲೇ ಇತ್ತು.

ಕನ್ನಡ ಲಿಪಿಯೇ ನಿಮ್ಮ ಪರೀಕ್ಷಾ ಯಂತ್ರ

ಈಗ ಲಾಭದ ಮಾತು. ಕನ್ನಡದಲ್ಲಿ ಬಹುಮಟ್ಟಿಗೆ ಹೇಳಿದಂತೆ ಬರೆಯುತ್ತೇವೆ. ಆದ್ದರಿಂದ ಎರಡು ಇಂಗ್ಲಿಷ್ ಪದಗಳು ಪ್ರಾಸವೋ ಅಲ್ಲವೋ ಎಂಬ ಅನುಮಾನ ಬಂದರೆ, ಕೇಳಿದ ಹಾಗೆ ಅವನ್ನು ಕನ್ನಡದಲ್ಲಿ ಬರೆಯಿರಿ. ಮೇಲಿನ ಉದಾಹರಣೆಗಳನ್ನೆಲ್ಲ ಮತ್ತೆ ನೋಡಿ: ‘ಕಮ್–ಹೋಮ್’, ‘ಹೈಟ್–ವೇಟ್’. ಇಂಗ್ಲಿಷ್ ಅಕ್ಷರ ಮುಚ್ಚಿಟ್ಟದ್ದನ್ನು ಕನ್ನಡ ಅಕ್ಷರ ಒಂದೇ ನೋಟಕ್ಕೆ ಬಿಚ್ಚಿಡುತ್ತದೆ. ಇಂಗ್ಲಿಷ್ ಬಾರದ ಅವ್ವ ಕೂಡ ಮಗುವಿನ ನೋಟ್‌ಬುಕ್ ಹೀಗೆ ಪರೀಕ್ಷಿಸಬಹುದು: “ಓದು, ನಾ ಬರೀತೀನಿ” ಅಂದರೆ ಮುಗಿಯಿತು.

ಬರೆಯುವಾಗ ಕೊನೆಗೆ ನಾವು ಸೇರಿಸುವ ಉಕಾರವನ್ನು ತೆಗೆಯಬೇಕು. ‘ಬಸ್ಸು’, ‘ಕಾರು’, ‘ಬುಕ್ಕು’, ‘ಗ್ಲಾಸು’ ಎಂದರೆ ಎಲ್ಲವೂ ಉಕಾರದಲ್ಲಿ ಮುಗಿದು ಒಂದೇ ಥರ ಕೇಳುತ್ತವೆ. ‘ಬಸ್’, ‘ಗ್ಲಾಸ್’ ಎಂದಾಗ ಬೇರೆ ಎಂದು ಗೊತ್ತಾಗುತ್ತದೆ.

ಈ ಯಂತ್ರಕ್ಕೂ ಮಿತಿ ಇದೆ. ಬೆಲೆ ಎಂಬ ಅರ್ಥದ ‘ಪ್ರೈಸ್’ ಮತ್ತು ಬಹುಮಾನ ಎಂಬ ಅರ್ಥದ ‘ಪ್ರೈಝ್’ ಎರಡನ್ನೂ ನಮ್ಮಲ್ಲಿ ‘ಪ್ರೈಸ್’ ಎಂದೇ ಹೇಳುತ್ತೇವೆ, ಬರೆಯುತ್ತೇವೆ. ನಿಜಕ್ಕೂ ಮೊದಲನೆಯದು ‘ರೈಸ್’ (ಅಕ್ಕಿ), ‘ಐಸ್’ ಜೊತೆಗೆ ಹೋಗುತ್ತದೆ. ಎರಡನೆಯದು ‘ಐಝ್’ (ಕಣ್ಣುಗಳು), ‘ವೈಝ್’ (ಜಾಣ) ಜೊತೆಗೆ. ಹಾಗೆಯೇ ‘ಬಾಲ್’ (ಚೆಂಡು), ‘ಡಾಲ್’ (ಗೊಂಬೆ) ಎಂದು ಕನ್ನಡದಲ್ಲಿ ಒಂದೇ ಥರ ಬರೆದರೂ ಬ್ರಿಟಿಷ್ ಇಂಗ್ಲಿಷಿನಲ್ಲಿ ಮೊದಲನೆಯದು ಉದ್ದ, ಎರಡನೆಯದು ಮೊಟಕು. ಅಲ್ಲಿ ಡಿಕ್ಷನರಿ ಆ್ಯಪಿನ ಸ್ಪೀಕರ್ ಗುರುತು ಒತ್ತಿ ಕೇಳುವುದೇ ದಾರಿ.

ಅರ್ಥ ಬದಲಾದರೆ ಪ್ರಾಸವೂ ಬದಲಾಗುತ್ತದೆ

ಟೀಚರ್ ಅರ್ಥವನ್ನೂ ಬರೆಯಲು ಹೇಳುವುದು ಸುಮ್ಮನೆ ಅಲ್ಲ. ಮುಧೋಳ ನಾಯಿಯನ್ನು ಇಂಗ್ಲಿಷಿನಲ್ಲಿ ‘ಮುಧೋಳ ಹೌಂಡ್’ ಎನ್ನುತ್ತಾರೆ. ‘ಹೌಂಡ್’ (ಬೇಟೆನಾಯಿ) ಜೊತೆಗೆ ‘ಸೌಂಡ್’, ‘ರೌಂಡ್’, ‘ಗ್ರೌಂಡ್’ ಹೋಗುತ್ತವೆ. ಡಬ್ಲ್ಯೂ-ಒ-ಯು-ಎನ್-ಡಿ ಎಂಬ ಪದ ಹೋಗುತ್ತದೆಯೇ? ಅದರ ಅರ್ಥ ‘ಗಾಯ’ ಎಂದು ಬರೆದಿದ್ದರೆ ಹೋಗುವುದಿಲ್ಲ, ಆಗ ಅದನ್ನು ‘ವೂಂಡ್’ ಎನ್ನಬೇಕು. ‘ಸುತ್ತಿದ’ ಎಂದು ಬರೆದಿದ್ದರೆ ಹೋಗುತ್ತದೆ, ಆಗ ಅದು ‘ವೌಂಡ್’.

ಇಂಥವು ಇನ್ನೂ ಇವೆ. ಟಿ-ಇ-ಎ-ಆರ್: ಕಣ್ಣೀರಾದರೆ ‘ಟಿಯರ್’, ‘ನಿಯರ್’ (ಹತ್ತಿರ), ‘ಫಿಯರ್’ (ಭಯ) ಜೊತೆಗೆ; ಹರಿ ಎಂದಾದರೆ ‘ಟೇರ್’, ‘ಕೇರ್’ ಜೊತೆಗೆ. ಡಬ್ಲ್ಯೂ-ಐ-ಎನ್-ಡಿ: ಗಾಳಿಯಾದರೆ ‘ವಿಂಡ್’, ಸುತ್ತು ಎಂದಾದರೆ ‘ವೈಂಡ್’, ಆಗ ಮಾತ್ರ ‘ಫೈಂಡ್’, ‘ಕೈಂಡ್’, ‘ಮೈಂಡ್’ ಸಾಲಿಗೆ ಸೇರುತ್ತದೆ. ಈ ಸಾಲಿನಲ್ಲಿಟ್ಟು ‘ಗಾಳಿ’ ಎಂದು ಅರ್ಥ ಕೊಟ್ಟಿರುವ ಪಟ್ಟಿ ಕಂಡರೆ, ಅದನ್ನು ಮಾಡಿದವರು ಪದಗಳನ್ನು ಬಾಯಿಬಿಟ್ಟು ಓದಿಲ್ಲ ಎಂದು ತಿಳಿಯಿರಿ.

ಪ್ರಾಸಕ್ಕೆ ತೊಂದರೆ ಕೊಡದೆ ಅರ್ಥ ಮಾತ್ರ ಎರಡಾಗುವ ಪದಗಳೂ ಇವೆ. ‘ಬ್ಯಾಟ್’ ಕ್ರಿಕೆಟ್ಟಿನದೂ ಹೌದು, ಬಾವಲಿಯೂ ಹೌದು. ‘ವೆಲ್’ ಬಾವಿಯೂ ಹೌದು, ಚೆನ್ನಾಗಿ ಎಂದೂ ಹೌದು. ‘ಫಾಸ್ಟ್’ ಎಂದರೆ ವೇಗ, ಉಪವಾಸವೂ ಅದೇ. ಮಷಿನ್ ಅನುವಾದದಿಂದ ಮಾಡಿದ ಪಟ್ಟಿಗಳು ಇವುಗಳಲ್ಲಿ ಯಾವುದೋ ಒಂದನ್ನು ಎತ್ತಿಕೊಂಡಿರುತ್ತವೆ. ಎರಡನ್ನೂ ಬರೆದರೆ ಮಗುವಿಗೆ ಲಾಭ.

ಇನ್ನು ‘ಸನ್’ (ಸೂರ್ಯ) ಮತ್ತು ‘ಸನ್’ (ಮಗ): ಕಾಗುಣಿತ ಬೇರೆ, ಸದ್ದು ಪೂರ್ತಿ ಒಂದೇ. ಇವು ಹೋಮೋಫೋನ್, ಸಮಧ್ವನಿ ಪದಗಳು. ಶಾಲೆಯ ಲೆಕ್ಕದಲ್ಲಿ ರೈಮಿಂಗ್ ವರ್ಡ್ಸ್ ಅಲ್ಲ.

ಮೊಬೈಲ್‌ನಲ್ಲಿ ಹುಡುಕಿದರೆ?

1775ರಲ್ಲಿ ಜಾನ್ ವಾಕರ್ ಎಂಬಾತ ಪ್ರಾಸ ಹುಡುಕಲೆಂದೇ ಒಂದು ಇಂಗ್ಲಿಷ್ ನಿಘಂಟು ಮಾಡಿದ. ಪದಗಳನ್ನು ಕೊನೆಯ ಅಕ್ಷರದಿಂದ ಹಿಮ್ಮುಖವಾಗಿ ಜೋಡಿಸಿದ್ದ. ಈಗ ಆ ಕೆಲಸವನ್ನು ‘ರೈಮ್‌ಜೋನ್’ನಂಥ ವೆಬ್‌ಸೈಟುಗಳು ಮಾಡುತ್ತವೆ. ಕಂಪ್ಯೂಟರಿನಲ್ಲಿ ಪ್ರಾಸ ಹುಡುಕಲು ಬಹಳ ಬಳಕೆಯಲ್ಲಿರುವುದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರ ನಿಘಂಟು. ಅದರಲ್ಲಿ 1,30,000ಕ್ಕೂ ಹೆಚ್ಚು ಪದಗಳ ಸದ್ದನ್ನು ಗುರುತು ಹಾಕಿಟ್ಟಿದ್ದಾರೆ. ಅಕ್ಷರ ನೋಡಿ ಮಾಡಿದ ಪಟ್ಟಿಗಿಂತ ಇದು ಎಷ್ಟೋ ವಾಸಿ.

ಆದರೆ ಅದು ಅಮೆರಿಕದ ಉಚ್ಚಾರ ಎಂಬುದು ನೆನಪಿರಲಿ. ಅಲ್ಲಿ ‘ಕ್ಲಾಸ್’ ಅನ್ನು ‘ಕ್ಲ್ಯಾಸ್’ ಎನ್ನುವುದರಿಂದ ‘ಗ್ಯಾಸ್’ ಅದಕ್ಕೆ ಪ್ರಾಸ. ನಮ್ಮ ಬಾಯಲ್ಲಿ, ಬ್ರಿಟಿಷರ ಬಾಯಲ್ಲಿ ಅಲ್ಲ. ಎ-ಬಿ-ಸಿ ಹಾಡು ಗೊತ್ತಲ್ಲ? ಅದು ಅಮೆರಿಕದ ಬಾಸ್ಟನ್ನಿನಲ್ಲಿ 1835ರಲ್ಲಿ ಅಚ್ಚಾದದ್ದು. ಅಲ್ಲಿ ಕೊನೆಯ ಅಕ್ಷರ ‘ಝೀ’. ಹಾಗಾಗಿ ಬಿ, ಸಿ, ಜಿ, ಪಿ ಎಲ್ಲದಕ್ಕೂ ಹೊಂದಿ ಹಾಡು ಮುಗಿಯುತ್ತದೆ. ನಮ್ಮ ಮಕ್ಕಳು ‘ಝೆಡ್’ ಎಂದು ಹಾಡಿದಾಗ ಕೊನೆಗೆ ಏನೋ ತಪ್ಪಿದಂತೆ ಕೇಳುವುದು ಇದಕ್ಕೇ. ತಪ್ಪು ಮಗುವಿನದಲ್ಲ. ಎಐ ಚಾಟ್‌ಬಾಟ್ ಕೇಳಿದರೆ? ಅವು ಕಲಿತದ್ದು ಹೆಚ್ಚಾಗಿ ಬರಹದಿಂದ, ಕಿವಿಯಿಂದಲ್ಲ. ಬಹಳ ಸಲ ಸರಿ ಹೇಳಿದರೂ ಕಣ್ಣಿನ ಪ್ರಾಸವನ್ನು ನಡುವೆ ಸೇರಿಸಿಬಿಡಬಹುದು. ಬಂದ ಉತ್ತರವನ್ನೂ ಕನ್ನಡದಲ್ಲಿ ಬರೆದು ನೋಡಿ.

ಪ್ರಾಸದ ಬಗ್ಗೆಯೇ ಓಡಾಡುವ ಎರಡು ಮಾತು

“ಆರೆಂಜ್, ಸಿಲ್ವರ್, ಪರ್ಪಲ್, ಮಂತ್ ಈ ನಾಲ್ಕಕ್ಕೆ ಇಂಗ್ಲಿಷಿನಲ್ಲಿ ಪ್ರಾಸವೇ ಇಲ್ಲ” ಎಂಬುದು ಹಳೆಯ ಫಾರ್ವರ್ಡ್. ಅರ್ಧ ಸತ್ಯ. ‘ಸಿಲ್ವರ್’ಗೆ ‘ಚಿಲ್ವರ್’ (ಹೆಣ್ಣು ಕುರಿಮರಿ) ಇದೆ. ‘ಪರ್ಪಲ್’ಗೆ ‘ಹರ್ಪಲ್’ (ಕುಂಟುತ್ತ ನಡೆ) ಎಂಬ ಸ್ಕಾಟಿಷ್ ಪದ ಇದೆ. ‘ಆರೆಂಜ್’ಗೆ ವೇಲ್ಸ್‌ನಲ್ಲಿ ‘ಬ್ಲಾರೆಂಜ್’ ಎಂಬ ಬೆಟ್ಟದ ಹೆಸರು ಹೊಂದುತ್ತದೆ. ‘ಮಂತ್’ಗೆ ಮಾತ್ರ ದಿನಬಳಕೆಯ ಜೋಡಿ ಇಲ್ಲ. ಹೋಮ್‌ವರ್ಕಿಗೆ ಇವು ಯಾವುದೂ ಬೇಡ.

ಎರಡನೆಯದು ಹೆಚ್ಚು ಮುಖ್ಯ: ಪ್ರಾಸವಿದ್ದ ಮಾತು ನಿಜವೆನಿಸುತ್ತದೆ. 2000ದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮ್ಯಾಥ್ಯೂ ಮೆಗ್ಲೋನ್ ಮತ್ತು ಜೆಸಿಕಾ ತೋಫಿಘ್‌ಬಖ್ಶ್ ಒಂದೇ ಅರ್ಥದ ಹೇಳಿಕೆಗಳನ್ನು ಪ್ರಾಸವಿಟ್ಟು, ಪ್ರಾಸ ತೆಗೆದು ಓದಲು ಕೊಟ್ಟರು. ಪ್ರಾಸವಿದ್ದದ್ದು ಹೆಚ್ಚು ನಿಖರ ಎಂದು ಜನ ಹೇಳಿದರು. ದಿನಕ್ಕೊಂದು ಸೇಬು ತಿಂದರೆ ಡಾಕ್ಟರ್ ದೂರ ಎಂಬ ಇಂಗ್ಲಿಷ್ ಮಾತು ನಮ್ಮ ಹಳ್ಳಿಗೂ ಬಂದದ್ದು ಅದರಲ್ಲಿನ ‘ಡೇ’, ‘ಅವೇ’ ಪ್ರಾಸದ ಬಲದಿಂದಲೇ ಇರಬೇಕು. 2015ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಆ ಮಾತನ್ನೇ ಪರೀಕ್ಷಿಸಿತು. ಇತರ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ, ದಿನಾ ಸೇಬು ತಿನ್ನುವವರು ಡಾಕ್ಟರ ಹತ್ತಿರ ಹೋಗುವುದೇನೂ ಕಡಿಮೆ ಇರಲಿಲ್ಲ. ಸೇಬು ಒಳ್ಳೆಯ ಹಣ್ಣೇ, ಪೇರಲವೂ ಒಳ್ಳೆಯದೇ. ಆರೋಗ್ಯದ ಫಾರ್ವರ್ಡ್ ಪ್ರಾಸಬದ್ಧವಾಗಿ ಬಂದಾಗ ಒಮ್ಮೆ ಪ್ರಾಸ ತೆಗೆದು ಓದಿ ನೋಡಿ.

ಹೋಮ್‌ವರ್ಕ್ ಮುಗಿಸೋಣ

ಸಾವಳಗಿ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ಕಬ್ಬಿಗೆ ಇಂಗ್ಲಿಷಿನಲ್ಲಿ ‘ಶುಗರ್‌ಕೇನ್’. ಅದರ ‘ಕೇನ್’ ಹಿಡಿದುಕೊಳ್ಳಿ; ಬೆತ್ತಕ್ಕೂ ಅದೇ ಪದ. ‘ಏನ್’ ಎಂಬ ಸದ್ದನ್ನು ಹಾಗೇ ಇಟ್ಟು ಮುಂದೆ ಒಂದೊಂದೇ ವ್ಯಂಜನ ಹಚ್ಚುತ್ತ ಹೋಗಲು ಮಗುವಿಗೆ ಹೇಳಿ. ‘ರೇನ್’ (ಮಳೆ), ‘ಗ್ರೇನ್’ (ಕಾಳು), ‘ಲೇನ್’ (ಓಣಿ), ‘ಪೇನ್’ (ನೋವು), ‘ಚೇನ್’ (ಸರಪಳಿ). ಕಾಗುಣಿತ ಎರಡು ಥರ ಇದೆ: ‘ಕೇನ್’, ‘ಲೇನ್’ ಕೊನೆಗೆ ಎ-ಎನ್-ಇ, ಉಳಿದವುಗಳಲ್ಲಿ ಎ-ಐ-ಎನ್. ಸದ್ದು ಒಂದೇ. ನಾವು ‘ಚೈನು’, ‘ಟ್ರೈನು’ ಎಂದು ರೂಢಿಯಲ್ಲಿ ಅನ್ನುತ್ತೇವೆ, ಹಾಗೆ ಬರೆದರೆ ‘ಕೇನ್’ಗೆ ಹೊಂದದೆ ಗೊಂದಲವಾಗುತ್ತದೆ, ಸ್ಪೀಕರ್ ಒತ್ತಿ ಕೇಳಿದರೆ ‘ಚೇನ್’, ‘ಟ್ರೇನ್’ ಎಂದೇ ಕೇಳುತ್ತದೆ. ಟೀಚರ್ ಕೇಳಿದ್ದು ಐದು. ‘ಟ್ರೇನ್’ ಸೇರಿಸಿ ಆರಾದವು.